ಹಳೇ ಎಂಎಕ್ಸ್-5ಗೆ ಒಂದು ಕಪ್ ಹೋಲ್ಡರ್: ಒಂಬತ್ತು ತಿಂಗಳ ಅನುಭವ

ಕಳೆದ ಶನಿವಾರ ನನ್ನ ಕಾರಿನಲ್ಲಿ ಮೊದಲ ಸಲ ನೆಮ್ಮದಿಯಾಗಿ ಕಾಫಿ ಕುಡಿದೆ. 1993ರ ಮಾಜ್ದಾ ಎಂಎಕ್ಸ್-5, ಟಾಪ್ ಮಡಚುವ ಎರಡು ಸೀಟಿನ ಪುಟ್ಟ ಕಾರು, ಮೊದಲ ತಲೆಮಾರಿನದು, ಮೇಲೆದ್ದು ಬರುವ ಹೆಡ್‌ಲೈಟ್ ಇರುವುದು. ಅದಕ್ಕೆ ಒಂದು ಕಪ್ ಹೋಲ್ಡರ್ ಕೂರಿಸುವುದಕ್ಕೆ ನನಗೆ ಒಂಬತ್ತು ತಿಂಗಳು ಹಿಡಿಯಿತು. ಒಂದು ಶನಿವಾರದಲ್ಲಿ ಮುಗಿಯಬಹುದಾಗಿದ್ದ ಕೆಲಸ. ಯಾರಾದರೂ ಹೇಳಿಕೊಡುವವರು ಇದ್ದಿದ್ದರೆ ಅಷ್ಟೇ ಸಾಕಾಗುತ್ತಿತ್ತು. ಅದಕ್ಕೇ ಎಲ್ಲ ಬರೆದಿಡುತ್ತಿದ್ದೇನೆ.

ನಾವಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ನನ್ನ ಕೆಲಸ ಟ್ಯೂಬಿಂಗೆನ್‌ನ ಒಂದು ಲ್ಯಾಬಿನಲ್ಲಿ. ಬಿ27 ಹೆದ್ದಾರಿ ಹಿಡಿದರೆ ಮನೆಯಿಂದ ನಲವತ್ತು ಕಿಲೋಮೀಟರ್ ಹತ್ತಿರ. ಬೆಳಗಿನ ಪಾಳಿ ಇದ್ದರೆ ಐದು ಗಂಟೆಗೇ ಹೊರಡಬೇಕು, ಕಾಫಿ ಇಲ್ಲದೆ ಆಗುವುದಿಲ್ಲ. ದಿನವೂ ಓಡಿಸುವುದು ಬೇರೆ ಕಾರು. ಈ ಎಂಎಕ್ಸ್-5 ಒಣ ಹವೆ ಇದ್ದಾಗ ವಾರಕ್ಕೆ ಒಂದೆರಡು ಸಲ ಮಾತ್ರ ಹೊರಗೆ ಬರುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುತ್ತಾರಲ್ವಾ, ಆ ಉಪ್ಪಿಗೆ ಇದರ ತಗಡು ತಡೆಯುವುದಿಲ್ಲ.

ಕಥೆ ಶುರುವಾಗಿದ್ದು 2024ರ ಅಕ್ಟೋಬರ್‌ನಲ್ಲಿ. ಅರ್ಧ ಲೀಟರ್‌ನ ನೀರಿನ ಬಾಟಲಿಯನ್ನು ಪಕ್ಕದ ಸೀಟಿನ ಮೇಲೆ ಇಟ್ಟಿದ್ದೆ. ಮುಂದಿನ ಲಾರಿ ನಿಧಾನ ಮಾಡಿತು ಅಂತ ನಾನೂ ಬ್ರೇಕ್ ಒತ್ತಿದೆ. ಬಾಟಲಿ ಸೀಟಿನ ಮೇಲೆ ಉರುಳಿತು, ತಿರುವಿನಲ್ಲಿ ನಡುವಿನ ದಿಬ್ಬ ದಾಟಿ ನನ್ನ ಕಾಲಿನ ಕಡೆಗೆ ಬಿತ್ತು. ಎರಡನೇ ಸಲ ಬ್ರೇಕ್ ಒತ್ತಿದಾಗ ಪೆಡಲ್ ಅರ್ಧಕ್ಕೇ ನಿಂತಿತು. ಕೆಳಗೆ ಬಾಟಲಿ. ಹಿಮ್ಮಡಿಯಿಂದ ಅದನ್ನು ಪಕ್ಕಕ್ಕೆ ತಳ್ಳುವುದಕ್ಕೆ ಒಂದು ಸೆಕೆಂಡ್ ಆಗಿರಬಹುದು, ಆದರೆ ಆ ಒಂದು ಸೆಕೆಂಡ್ ನನಗೆ ಇನ್ನೂ ನೆನಪಿದೆ. ಮುಂದಿನ ಪಾರ್ಕಿಂಗ್‌ನಲ್ಲಿ ನಿಲ್ಲಿಸಿದಾಗ ಕೈ ನಡುಗುತ್ತಿತ್ತು. ಬಾಟಲಿ ಸೀಟಿನ ಮೇಲೆ ಇಡುವವರು ದಯವಿಟ್ಟು ಇವತ್ತೇ ಆ ಅಭ್ಯಾಸ ಬಿಡಿ. ಇದರಲ್ಲಿ ಪೆಡಲ್‌ಗಳ ಜಾಗ ಬಹಳ ಇಕ್ಕಟ್ಟು.

ಈ ಕಾರಿನ ಒಳಗೆ ಏನೂ ಜಾಸ್ತಿ ಇಲ್ಲ. 1989ರಲ್ಲಿ ಶಿಕಾಗೋ ಮೋಟಾರ್ ಶೋನಲ್ಲಿ ಇದನ್ನು ಮೊದಲು ತೋರಿಸಿದಾಗ ಹಿರೋಶಿಮಾದ ಮಾಜ್ದಾ ಎಂಜಿನಿಯರ್‌ಗಳು ಹೇಳುತ್ತಿದ್ದದ್ದು ಒಂದೇ ಮಾತು, ‘ಜಿನ್ಬಾ ಇತ್ತೈ’. ಕುದುರೆಯೂ ಸವಾರನೂ ಒಂದೇ ಮೈ ಆಗಬೇಕು ಅಂತ. ತೂಕ ಒಂದು ಟನ್ನಿಗಿಂತ ಕಡಿಮೆ. ಗೇರ್ ಕೋಲಿನ ಹಿಂದೆ ಒಂದು ಆಶ್‌ಟ್ರೇ, ಪಕ್ಕದಲ್ಲೇ ಕಿಟಕಿಯ ಸ್ವಿಚ್, ಅದರ ಹಿಂದೆ ಬೀಗ ಹಾಕುವ ಒಂದು ಪುಟ್ಟ ಪೆಟ್ಟಿಗೆ. ಪೆಟ್ರೋಲ್ ಮುಚ್ಚಳ ತೆರೆಯುವ ಕೊಂಡಿ ಆ ಪೆಟ್ಟಿಗೆಯೊಳಗೆ. ನನ್ನ ಕಾರಿನಲ್ಲಿ ಸಿಗರೇಟ್ ಬೂದಿಗೆ ಜಾಗ ಇತ್ತು, ಒಂದು ಲೋಟಕ್ಕೆ ಇರಲಿಲ್ಲ.

ಮೊದಲು ಸುಲಭದ ದಾರಿ ಹುಡುಕಿದೆ. ಬಾಗಿಲಿನ ಗಾಜಿನ ಸಂದಿಗೆ ಸಿಕ್ಕಿಸುವ ಕೊಕ್ಕೆಯ ಹೋಲ್ಡರ್ ಬರುತ್ತದಲ್ಲ, 9 ಯೂರೋ ಕೊಟ್ಟು ಅದನ್ನು ತಂದೆ. ಎರಡೇ ದಿನ. ಗಾಜು ಇಳಿಸಿದಾಗ ಕೊಕ್ಕೆ ಸಂದಿಯ ರಬ್ಬರ್ ಪಟ್ಟಿಯನ್ನು ಎಳೆಯುತ್ತಿತ್ತು. ಬಾಗಿಲು ಹಾಕಿದರೆ ಲೋಟ ಎಗರುತ್ತಿತ್ತು. ಸ್ಟೀರಿಂಗ್ ತಿರುಗಿಸುವಾಗ ಎಡ ಮೊಣಕೈಗೆ ತಾಗುತ್ತಿತ್ತು. ಹಳೇ ಕಾರಿನ ಆ ರಬ್ಬರ್ ಪಟ್ಟಿ ಹಾಳಾದರೆ ಮಳೆನೀರು ಒಳಗೆ ಬರುತ್ತದೆ, ಅದರ ರಿಪೇರಿ ಹೋಲ್ಡರ್‌ನ ಬೆಲೆಗಿಂತ ಎಷ್ಟೋ ಪಟ್ಟು. ಇದನ್ನು ಕೊಳ್ಳಿ ಅಂತ ಯಾರಿಗೂ ಹೇಳಲಾರೆ.

ಡಿಸೆಂಬರ್‌ನಲ್ಲಿ ಕಾರನ್ನು ಗ್ಯಾರೇಜಿನಲ್ಲಿ ನಿಲ್ಲಿಸಿದ ಮೇಲೆ ಅಮೆರಿಕದ ಒಂದು ಅಂಗಡಿಯಿಂದ ಸಿದ್ಧ ತುಂಡು ತರಿಸಿದೆ. ಆಶ್‌ಟ್ರೇ ಎತ್ತಿ ತೆಗೆದು ಅದೇ ಗುಂಡಿಯಲ್ಲಿ ಕೂರಿಸುವಂಥದ್ದು. ತುಂಡಿಗೆ 65 ಯೂರೋ, ಕಳಿಸುವುದಕ್ಕೆ 31. ಮೂರು ವಾರ ಆದರೂ ಬರಲಿಲ್ಲ. ಆಮೇಲೆ ಒಂದು ಕಾಗದ ಬಂತು: ನಿಮ್ಮ ಪಾರ್ಸೆಲ್ ಕಸ್ಟಮ್ಸ್ ಕಚೇರಿಯಲ್ಲಿದೆ, ಗಡುವಿನೊಳಗೆ ಬಂದು ಬಿಡಿಸಿಕೊಳ್ಳಿ.

ಇಲ್ಲಿ ಒಂದು ಮಾತು ತಿಳಿದಿರಲಿ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಏನು ತರಿಸಿದರೂ 2021ರ ಜುಲೈನಿಂದ ಮಾರಾಟ ತೆರಿಗೆ ಕಟ್ಟಲೇಬೇಕು, ಸಣ್ಣ ಮೊತ್ತಕ್ಕಿದ್ದ ವಿನಾಯಿತಿ ಹೋಯಿತು. ಜರ್ಮನಿಯಲ್ಲಿ ಅದು 19%. ಸಾಮಾನಿನ ಬೆಲೆಗೆ ಮಾತ್ರ ಅಲ್ಲ, ಸಾಗಣೆಯ ಖರ್ಚಿಗೂ ಸೇರಿಸಿ ಹಾಕುತ್ತಾರೆ. ನನ್ನ ಪಾರ್ಸೆಲ್ ನಿಂತಿದ್ದಕ್ಕೆ ಕಾರಣ ಇಷ್ಟೇ, ಹೊರಗಡೆ ಬಿಲ್ ಅಂಟಿಸಿರಲಿಲ್ಲ. ಬಿಲ್‌ನ ಪ್ರಿಂಟ್, ಹಣ ಕೊಟ್ಟಿದ್ದಕ್ಕೆ ಬ್ಯಾಂಕಿನ ಸಾಕ್ಷಿ, ಪಾಸ್‌ಪೋರ್ಟ್, ಆ ಕಾಗದ, ಈ ನಾಲ್ಕೂ ಕೈಯಲ್ಲಿರಬೇಕು. ನಾನು ಮೊದಲ ದಿನ ಬಿಲ್ ಫೋನಿನಲ್ಲಿ ತೋರಿಸಿದೆ, ಒಪ್ಪಲಿಲ್ಲ. ಎರಡನೇ ದಿನ ರಜೆ ಹಾಕಿ ಹೋದೆ. ಕೌಂಟರಿನಲ್ಲಿ ಡಬ್ಬ ಬಿಚ್ಚಿ ತೋರಿಸಿ, 18 ಯೂರೋ 24 ಸೆಂಟ್ ಕಟ್ಟಿ ಹೊರಗೆ ಬಂದೆ. ಆರ್ಡರ್ ಮಾಡುವಾಗಲೇ ‘ಬಿಲ್ ಡಬ್ಬದ ಹೊರಗೆ ಇರಲಿ’ ಅಂತ ಒಂದು ಸಾಲು ಬರೆದಿದ್ದರೆ ಈ ಓಡಾಟ ಉಳಿಯುತ್ತಿತ್ತು.

ತುಂಡು ಚೆನ್ನಾಗಿಯೇ ಇತ್ತು. ಗುಂಡಿಗೆ ಸರಿಯಾಗಿ ಕೂತಿತು. ಗ್ಯಾರೇಜಿನಲ್ಲಿ ಖಾಲಿ ಲೋಟ ಇಟ್ಟು ಬಹಳ ಖುಷಿಪಟ್ಟೆ. ತಪ್ಪು ಮಾಡಿದ್ದು ಅಲ್ಲೇ. ಕಾರಿನಲ್ಲಿ ಕೂತು ಗೇರ್ ಹಾಕಿ ನೋಡಬೇಕಿತ್ತು. 1, 3, 5ನೇ ಗೇರ್ ಮುಂದಕ್ಕೆ, ಸರಿ. 2 ಮತ್ತು 4 ಹಿಂದಕ್ಕೆ ಎಳೆಯಬೇಕು. ಹಿಂದಕ್ಕೆ ಎಳೆದಾಗ ಮಣಿಕಟ್ಟು ನೇರವಾಗಿ ಲೋಟಕ್ಕೆ ಬಡಿಯುತ್ತದೆ. ಈ ಕಾರಿನ ಗೇರ್ ಕೋಲು ಗಿಡ್ಡ, ಕೈ ಚಕ್ಕನೆ ಬರುತ್ತದೆ. ಏಪ್ರಿಲ್‌ನ ಮೊದಲ ವಾರ ಮನೆಯಿಂದ ಹೊರಟು ಎರಡನೇ ಸಿಗ್ನಲ್‌ನಲ್ಲಿ, ಎರಡನೇ ಗೇರ್‌ಗೆ ಎಳೆದೆ. ಹಾಲು, ಸಕ್ಕರೆ ಹಾಕಿದ ಬಿಸಿ ಕಾಫಿ ಪೂರ್ತಿ ಕಿಟಕಿಯ ಸ್ವಿಚ್ ಮೇಲೆ.

ಗಾಜು ಅರ್ಧ ಇಳಿದಿತ್ತು, ಅಲ್ಲೇ ನಿಂತಿತು. ಏಪ್ರಿಲ್ ಬೆಳಗಿನ ಚಳಿಯಲ್ಲಿ ಹಾಗೇ ಕೆಲಸಕ್ಕೆ ಹೋದೆ.

ಆ ಭಾನುವಾರ ಕನ್ಸೋಲ್, ಅಂದರೆ ಎರಡು ಸೀಟುಗಳ ನಡುವಿನ ಪ್ಲಾಸ್ಟಿಕ್ ಕವಚ, ಬಿಚ್ಚಿದೆ. ಇದೇ ಕೆಲಸ ನಿಮಗೂ ಬಂದರೆ ಹೆದರಬೇಡಿ. ಗೇರ್ ಕೋಲಿನ ತಲೆಯನ್ನು ಎಡಕ್ಕೆ ತಿರುಗಿಸಿದರೆ ಕಳಚುತ್ತದೆ (ಹೊಸದು ಕೊಳ್ಳುವವರಿಗೆ, ಸ್ಕ್ರೂ ಸುತ್ತಿನ ಅಳತೆ ಎಂ10, 1.25 ಪಿಚ್). ಆಶ್‌ಟ್ರೇ ಎತ್ತಿ, ಒಳಗಿನ ಮತ್ತು ಪಕ್ಕದ ಸ್ಕ್ರೂಗಳನ್ನು ತೆಗೆದು, ಕನ್ಸೋಲನ್ನು ಮೆಲ್ಲಗೆ ಮೇಲೆತ್ತಿ, ಸ್ವಿಚ್‌ನ ವೈರ್ ಕಳಚಬೇಕು. ಜೋರಾಗಿ ಎಳೆಯಬೇಡಿ, ಮೂವತ್ತು ವರ್ಷದ ಪ್ಲಾಸ್ಟಿಕ್ ಸ್ಕ್ರೂ ಹತ್ತಿರ ಸೀಳುತ್ತದೆ. ತೆಗೆದ ಸ್ಕ್ರೂಗಳನ್ನು ತೆಗೆದ ಕ್ರಮದಲ್ಲೇ ಒಂದು ರಟ್ಟಿಗೆ ಚುಚ್ಚಿಡಿ, ಎಲ್ಲವೂ ಒಂದೇ ಉದ್ದ ಅಲ್ಲ.

ಕನ್ಸೋಲ್ ಕೆಳಗೆ ಕಾರ್ಪೆಟ್ ಮೇಲೆ ಪೈನ್ ಮರದ ಒಣ ಸೂಜಿಗಳು, ಒಂದು ಹೇರ್‌ಪಿನ್ನು, ಮತ್ತೆ ಜರ್ಮನಿಯ ಹಳೇ ಚಿಲ್ಲರೆ, ಒಂದು ಹತ್ತು ಫೆನ್ನಿಗ್ ನಾಣ್ಯ ಸಿಕ್ಕವು. ಯೂರೋ ನೋಟು, ನಾಣ್ಯ ಬಂದದ್ದು 2002ರಲ್ಲಿ. ಅಂದರೆ ಅದಕ್ಕೂ ಮುಂಚೆ ಯಾರದೋ ಕೈಯಿಂದ ಜಾರಿದ್ದು. ಇಷ್ಟು ವರ್ಷ ಅಲ್ಲೇ ಬಿದ್ದಿದ್ದು ನನ್ನ ಜೊತೆ ಓಡಾಡಿದೆ. ಅದನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಈ ಕಾರು ನನ್ನದೊಬ್ಬಳದೇ ಅಲ್ಲ ಅನ್ನಿಸಿತು. ಇದನ್ನು ಕೊರೆಯಬಾರದು, ಕತ್ತರಿಸಬಾರದು ಅಂತ ನಿರ್ಧಾರ ಮಾಡಿದ್ದು ಆವಾಗಲೇ.

ಸ್ವಿಚ್ ಒಳಗೆ ಕಾಫಿ ಅಂಟು ಪಾಕ ಆಗಿ ಒಣಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದೆ. ಪ್ಯಾಸೆಂಜರ್ ಕಡೆಯದು ಸರಿಹೋಯಿತು, ನನ್ನ ಕಡೆಯದು ಆಗಲಿಲ್ಲ. ಬಳಸಿದ ಸ್ವಿಚ್ ಒಂದು 45 ಯೂರೋಗೆ ಸಿಕ್ಕಿತು, ಬರುವುದಕ್ಕೆ ಹನ್ನೊಂದು ದಿನ.

ಇಷ್ಟಾದ ಮೇಲೆ ಒಂದು ವರ್ಕ್‌ಶಾಪ್‌ನಲ್ಲಿ ಕೇಳಿದೆ. ಅವರು ಕನ್ಸೋಲ್‌ನ ಪೆಟ್ಟಿಗೆಯ ಮುಚ್ಚಳ ಕತ್ತರಿಸಿ ಎರಡು ಲೋಟದ ಜಾಗ ಮಾಡಿಕೊಡುತ್ತೇವೆ, 320 ಯೂರೋ ಅಂದರು. ಕೆಲಸ ನೀಟಾಗಿ ಮಾಡುತ್ತಿದ್ದರೋ ಏನೋ. ಆದರೆ ಬೇಡ ಅಂದೆ. ಬಿರುಕಿಲ್ಲದ ಮೂಲ ಕನ್ಸೋಲ್ ಈಗ ಸುಲಭಕ್ಕೆ ಸಿಗುವುದಿಲ್ಲ. ಇನ್ನೊಂದು ಕಾರಣವೂ ಇತ್ತು, ‘ಎಚ್’ ನಂಬರ್ ಪ್ಲೇಟ್.

ಜರ್ಮನಿಯಲ್ಲಿ ಮೊದಲ ನೋಂದಣಿಯಾಗಿ 30 ವರ್ಷ ದಾಟಿದ, ಹೆಚ್ಚುಕಮ್ಮಿ ಮೂಲ ಸ್ಥಿತಿಯಲ್ಲೇ ಇರುವ, ಚೆನ್ನಾಗಿ ಕಾಪಾಡಿದ ಕಾರಿಗೆ ನಂಬರಿನ ಕೊನೆಯಲ್ಲಿ ಎಚ್ ಅಕ್ಷರ ಕೊಡುತ್ತಾರೆ. ಅದಕ್ಕೆ ವರ್ಷದ ತೆರಿಗೆ 191 ಯೂರೋ 73 ಸೆಂಟ್, ಎಂಜಿನ್ ಎಷ್ಟೇ ದೊಡ್ಡದಿದ್ದರೂ ಅಷ್ಟೇ. ನನ್ನ 1.6 ಲೀಟರ್ ಎಂಜಿನ್ ಹೊಗೆಯ ಲೆಕ್ಕದಲ್ಲಿ ‘ಯೂರೋ 1’ ದರ್ಜೆಯದು, ಅದಕ್ಕೆ ಮಾಮೂಲಿ ತೆರಿಗೆ 242 ಯೂರೋ. ಉಳಿತಾಯ ದೊಡ್ಡದಲ್ಲ. ಆದರೂ ಆ ಅಕ್ಷರ ನನಗೆ ಬೇಕಿತ್ತು. ಕಾನೂನಿನಲ್ಲಿ ಇಷ್ಟೇ ಕಿಲೋಮೀಟರ್ ಓಡಿಸಬೇಕು ಅಂತ ಮಿತಿ ಇಲ್ಲ, ಆದರೆ ಹಳೇ ಕಾರಿನ ವಿಮೆ ಕೊಡುವವರು ಸಾಮಾನ್ಯವಾಗಿ ಮಿತಿ ಹಾಕುತ್ತಾರೆ, ದಿನಬಳಕೆಗೆ ಬೇರೆ ಕಾರು ಇದೆಯಾ ಅಂತಲೂ ಕೇಳುತ್ತಾರೆ. ಮೊದಲು ವಿಮೆಯವರ ಹತ್ತಿರ ಮಾತಾಡಿ.

ಮಾರ್ಪಾಡು ಮಾಡಿದ್ದರೆ ಅದು ಕಾರು ರಸ್ತೆಗಿಳಿದ ಮೊದಲ ಹತ್ತು ವರ್ಷದೊಳಗಿನದ್ದು, ಅಥವಾ ಆ ಕಾಲದಲ್ಲಿ ಆಗಬಹುದಾಗಿದ್ದಂಥದ್ದು ಆಗಿರಬೇಕು ಅನ್ನುವುದು ಎಚ್ ತಪಾಸಣೆಯವರ ಅಳತೆಗೋಲು. ಹಾಗಾದರೆ ನನ್ನ ಕಪ್ ಹೋಲ್ಡರ್ ಗತಿ? ತಪಾಸಣೆ ಮಾಡುವವರಿಗೇ ಮೇಲ್ ಬರೆದು ಕೇಳಿದೆ. ಮೂರು ದಿನಕ್ಕೆ ಉತ್ತರ ಬಂತು. ಕೊರೆಯದೆ, ಕತ್ತರಿಸದೆ, ಕೈಯಲ್ಲೇ ತೆಗೆದು ಹಾಕುವಂತಿದ್ದರೆ ಮತ್ತು ಮೂಲ ಭಾಗ ಅದರ ಜಾಗದಲ್ಲೇ ಇದ್ದರೆ ತೊಂದರೆ ಇಲ್ಲ. ಚೂಪು ಅಂಚು ಇರಬಾರದು, ಪೆಡಲ್‌ಗೂ ಹ್ಯಾಂಡ್‌ಬ್ರೇಕ್‌ಗೂ ಅಡ್ಡ ಬರಬಾರದು. ಆ ಮೇಲ್ ಪ್ರಿಂಟ್ ತೆಗೆದು ಕಾರಿನ ಕಾಗದಗಳ ಜೊತೆ ಇಟ್ಟೆ. ನೀವೂ ಮೊದಲೇ ಕೇಳಿಬಿಡಿ, ಕೇಳುವುದಕ್ಕೆ ದುಡ್ಡು ಕೊಡಬೇಕಿಲ್ಲ.

ಈಗ ಜಾಗ ಹುಡುಕಬೇಕು. ಗೇರ್ ಹಿಂದೆ ಆಗುವುದಿಲ್ಲ. ಹ್ಯಾಂಡ್‌ಬ್ರೇಕ್ ಇರುವುದು ಪ್ಯಾಸೆಂಜರ್ ಕಡೆ, ಅದರ ಮೇಲೂ ಆಗುವುದಿಲ್ಲ. ನನ್ನ ಮೊಣಕಾಲಿನ ಹತ್ತಿರ ಇಟ್ಟರೆ ಪೆಡಲ್‌ಗೆ ಹತ್ತಿರ. ಉಳಿದದ್ದು ಒಂದೇ ಜಾಗ: ಕನ್ಸೋಲ್‌ನ ಮುಂದಿನ ಪಕ್ಕ, ಪ್ಯಾಸೆಂಜರ್ ಎಡ ಮೊಣಕಾಲಿನ ಮುಂದೆ. ಅಲ್ಲಿ ಕನ್ಸೋಲ್ ಹಿಡಿದಿಡುವ ಒಂದು ಸ್ಕ್ರೂ ಮೊದಲೇ ಇದೆ. ಅದನ್ನು ತೆಗೆದು ಸ್ವಲ್ಪ ಉದ್ದದ್ದು ಹಾಕಿದರೆ ಒಂದು ಪಟ್ಟಿ ಹಿಡಿದುಕೊಳ್ಳುತ್ತದೆ. ಹೊಸ ತೂತು ಬೇಡ.

ಕಾರ್ನ್‌ಫ್ಲೇಕ್ಸ್ ಡಬ್ಬದ ರಟ್ಟಿನಲ್ಲಿ ಮೊದಲ ಮಾದರಿ ಮಾಡಿದೆ. ಇದನ್ನು ಎಲ್ಲರೂ ಮಾಡಲೇಬೇಕು ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ. ರಟ್ಟಿನ ಬಳೆಯಲ್ಲಿ ಖಾಲಿ ಲೋಟ ಇಟ್ಟುಕೊಂಡು ಒಂದು ವಾರ ಓಡಿಸಿದೆ. ಎಲ್ಲ ಗೇರ್, ಹ್ಯಾಂಡ್‌ಬ್ರೇಕ್, ಪಕ್ಕದಲ್ಲಿ ಗಂಡನನ್ನು ಕೂರಿಸಿಕೊಂಡು ಕೂಡ. ಮೂರು ಸಲ ಜಾಗ ಬದಲಾಯಿಸಿದೆ. ಆಮೇಲೆ ವರ್ನಿಯರ್ ಹಿಡಿದು ನಾನು ನಿಜವಾಗಿ ಬಳಸುವ ಪಾತ್ರೆಗಳನ್ನು ಅಳೆದೆ. ಕೋಲಾ ಡಬ್ಬಿ 66 ಮಿಲಿಮೀಟರ್. ನನ್ನ ಮುಚ್ಚಳದ ಸ್ಟೀಲ್ ಫ್ಲಾಸ್ಕ್ 71. ಬಳೆಯ ಒಳಗಿನ ಅಳತೆ 75 ಇಟ್ಟು, ಒಳಗೆ ಮೂರು ರಬ್ಬರ್ ನಾಲಿಗೆ ಅಂಟಿಸಿದರೆ ಎರಡೂ ಅಲ್ಲಾಡದೆ ನಿಲ್ಲುತ್ತವೆ. ಆಳ 60.

ಸಹೋದ್ಯೋಗಿಯೊಬ್ಬರ ಮನೆಯಲ್ಲಿ 3ಡಿ ಪ್ರಿಂಟರ್ ಇತ್ತು. ಮೊದಲನೆಯದನ್ನು ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ ತೆಗೆದೆವು, ಅವರ ಹತ್ತಿರ ಅದೇ ಇತ್ತು. ಚೆನ್ನಾಗಿ ಕೂತಿತು. ಮೇ ಕೊನೆಯಲ್ಲಿ ಒಂದು ಬಿಸಿಲಿನ ದಿನ ಟಾಪ್ ಮುಚ್ಚಿ ಲ್ಯಾಬಿನ ಮುಂದೆ ನಿಲ್ಲಿಸಿದ್ದೆ. ಸಂಜೆ ಬಂದು ನೋಡಿದರೆ ಬಳೆ ಕೆಳಕ್ಕೆ ಬಾಗಿ ಬಾಳೆಹಣ್ಣಿನ ಹಾಗಾಗಿತ್ತು, ಫ್ಲಾಸ್ಕ್ ನೆಲದಲ್ಲಿ. ಪಿಎಲ್‌ಎ 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಕಪ್ಪು ಪ್ಲಾಸ್ಟಿಕ್ ಅಷ್ಟು ಕಾಯುವುದು ದೊಡ್ಡ ವಿಷಯವೇನಲ್ಲ. ಪಿಇಟಿಜಿ ಅನ್ನುವ ಪ್ಲಾಸ್ಟಿಕ್ 80ರ ತನಕ, ಎಎಸ್‌ಎ ಅನ್ನುವುದು 100ರ ಹತ್ತಿರದ ತನಕ ತಡೆಯುತ್ತದೆ. ಎಎಸ್‌ಎ ಬಿಸಿಲಿಗೂ ಪುಡಿಯಾಗುವುದಿಲ್ಲ. ಕಾರಿಗೆ ಅದೇ ಸರಿ. ಆದರೆ ಅದಕ್ಕೆ ಮುಚ್ಚಿದ ಪ್ರಿಂಟರ್ ಬೇಕು, ಹೊಗೆ ವಾಸನೆ ಬರುತ್ತದೆ, ಕಿಟಕಿ ತೆಗೆದಿರಬೇಕು. ಪ್ರಿಂಟರ್‌ಗೆ ಹಾಕುವ ಎಎಸ್‌ಎ ದಾರದ ಒಂದು ಸುರುಳಿಗೆ 28 ಯೂರೋ ಕೊಟ್ಟೆ.

ಎಎಸ್‌ಎಯಲ್ಲಿ ತೆಗೆದ ಮೊದಲ ತುಂಡು ನಾಲ್ಕನೇ ದಿನ ಮುರಿಯಿತು. ಗುಂಡಿ ಬಿದ್ದ ರಸ್ತೆ, ತುಂಬಿದ ಫ್ಲಾಸ್ಕ್, ಚಟ್ ಅಂತ ಶಬ್ದ. ನನಗೆ ನಿಜವಾಗಿ ಕಣ್ಣೀರು ಬಂತು, ಅಷ್ಟು ಸಾಕಾಗಿತ್ತು. ಮನೆಗೆ ಬಂದು ಮುರಿದ ಜಾಗ ನೋಡಿದೆ. ಪದರದಿಂದ ಪದರಕ್ಕೆ ನೀಟಾಗಿ ಬಿಟ್ಟುಕೊಂಡಿತ್ತು. ಪ್ರಿಂಟರ್ ವಸ್ತುವನ್ನು ಪದರ ಪದರವಾಗಿ ಕಟ್ಟುತ್ತದೆ, ದೋಸೆಯ ಮೇಲೆ ದೋಸೆ ಪೇರಿಸಿದ ಹಾಗೆ. ದೋಸೆಯನ್ನು ಅಡ್ಡಕ್ಕೆ ಹರಿಯಬೇಕಾದರೆ ಬಲ ಬೇಕು, ಒಂದರ ಮೇಲಿಂದ ಇನ್ನೊಂದು ಎತ್ತುವುದಕ್ಕೆ ಬೇಡ. ನಾವು ಪಟ್ಟಿಯನ್ನು ನಿಲ್ಲಿಸಿ ಪ್ರಿಂಟ್ ಮಾಡಿದ್ದೆವು, ಭಾರ ಪೂರ್ತಿ ಪದರದ ಸಂದಿಯ ಮೇಲೆ ಬಿದ್ದಿತ್ತು. ಮುಂದಿನ ಸಲ ಮಲಗಿಸಿ ಮಾಡಿದೆವು, ದಪ್ಪ 3 ಮಿಲಿಮೀಟರ್‌ನಿಂದ 5ಕ್ಕೆ ಏರಿಸಿದೆವು, ಪಟ್ಟಿ ಮತ್ತು ಬಳೆ ಸೇರುವ ಮೂಲೆಯನ್ನು ದುಂಡಗೆ ತುಂಬಿದೆವು. ಅದು ಇವತ್ತಿಗೂ ಗಟ್ಟಿಯಾಗಿದೆ.

ಜೂನ್‌ನಲ್ಲಿ ಧಾರವಾಡದಿಂದ ಚಿಕ್ಕಮ್ಮ ಬಂದರು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬಂದೆ. ಇಳಿಯುವಾಗ ಸೀರೆಯ ನೆರಿಗೆ ಬಳೆಯ ಕೆಳಗಿನ ಅಂಚಿಗೆ ಸಿಕ್ಕಿಕೊಂಡು ಎರಡೆಳೆ ಎದ್ದಿತು. ಪ್ಯಾಂಟ್ ಹಾಕಿಕೊಳ್ಳುವ ನಮಗೆ ಅದು ಗೊತ್ತೇ ಆಗಿರಲಿಲ್ಲ. ತಪಾಸಣೆಯವರು ಹೇಳಿದ ಚೂಪು ಅಂಚು ಅಂದರೆ ಇದೇ ಅಲ್ವಾ. ಮೊದಲು 120, ಆಮೇಲೆ 240 ನಂಬರ್ ಮರಳು ಕಾಗದದಲ್ಲಿ ಎಲ್ಲ ಅಂಚುಗಳನ್ನು ಬೆರಳಿಗೆ ತಾಗದಷ್ಟು ಉಜ್ಜಿದೆ. ಚಿಕ್ಕಮ್ಮನ ಸೀರೆಯಿಂದಲೇ ಮತ್ತೆ ಪರೀಕ್ಷೆಯೂ ಆಯಿತು.

ಜೂನ್ ಕೊನೆಯಲ್ಲಿ ತಪಾಸಣೆ. ಎರಡು ವರ್ಷಕ್ಕೊಮ್ಮೆಯ ಮಾಮೂಲಿ ಪರೀಕ್ಷೆ ಮತ್ತು ಎಚ್ ವರದಿ ಎರಡೂ ಒಂದೇ ದಿನ, ಸೇರಿ ಸುಮಾರು 280 ಯೂರೋ. ನಾನು ಹೋಲ್ಡರ್ ಹಾಕಿಕೊಂಡೇ ಹೋಗಿದ್ದೆ. ಪರೀಕ್ಷಕರು ಕೆಳಗೆ ತುಕ್ಕು ನೋಡುವುದಕ್ಕೇ ಜಾಸ್ತಿ ಹೊತ್ತು ತೆಗೆದುಕೊಂಡರು, ಬಾಗಿಲ ಕೆಳಗಿನ ಉದ್ದ ತೊಲೆಗಳಿಗೆ ಹಿಂಚಕ್ರದ ಮುಂದೆ ಬೆರಳಿನಿಂದ ತಟ್ಟಿ ತಟ್ಟಿ ಕೇಳಿದರು. ಈ ಕಾರಿಗೆ ತುಕ್ಕು ಹಿಡಿಯುವುದೇ ಅಲ್ಲಿ. ಒಳಗೆ ಕೂತಾಗ ಹೋಲ್ಡರ್ ಹಿಡಿದು ಅಲ್ಲಾಡಿಸಿದರು. ನಾನು ಮೇಲ್ ಪ್ರಿಂಟ್ ತೋರಿಸಿದೆ. ‘ತೆಗೆದು ತೋರಿಸಿ’ ಅಂದರು. ಹೆಬ್ಬೆರಳಲ್ಲಿ ತಿರುಗಿಸುವ ಸ್ಕ್ರೂ ಹಾಕಿದ್ದರಿಂದ ಅರ್ಧ ನಿಮಿಷದಲ್ಲಿ ತೆಗೆದೆ. ತಲೆಯಾಡಿಸಿ ಆಶ್‌ಟ್ರೇ ಮುಚ್ಚಳ ತೆಗೆದರು. ಅದರೊಳಗೆ ಹತ್ತು ಫೆನ್ನಿಗ್ ನಾಣ್ಯ ಇತ್ತು. ನಕ್ಕು ಮುಚ್ಚಿದರು.

ವರದಿ ಕೈಗೆ ಬಂದ ಮೇಲೆ ನೋಂದಣಿ ಕಚೇರಿಯ ಅಪಾಯಿಂಟ್‌ಮೆಂಟ್‌ಗೆ ಹದಿನೈದು ದಿನ ಕಾದೆ. ಒಯ್ಯಬೇಕಾದದ್ದು: ಕಾರಿನ ಎರಡೂ ಭಾಗದ ನೋಂದಣಿ ಪತ್ರ, ಎಚ್ ವರದಿ, ಪರೀಕ್ಷೆಯ ವರದಿ, ವಿಮೆ ಇದೆ ಅನ್ನುವುದಕ್ಕೆ ವಿಮೆಯವರು ಕೊಡುವ ಇವಿಬಿ ಸಂಖ್ಯೆ, ಪಾಸ್‌ಪೋರ್ಟ್ ಮತ್ತು ವಿಳಾಸದ ದಾಖಲೆ, ತೆರಿಗೆಗೆ ಬ್ಯಾಂಕ್ ಒಪ್ಪಿಗೆ ಪತ್ರ, ಹಳೇ ನಂಬರ್ ಪ್ಲೇಟ್‌ಗಳು. ಪ್ಲೇಟ್ ಒಯ್ಯುವುದು ಮರೆಯಬೇಡಿ, ನನ್ನ ಮುಂದಿದ್ದವರನ್ನು ಅದಕ್ಕೇ ವಾಪಸ್ ಕಳಿಸಿದರು. ಶುಲ್ಕ ಮತ್ತು ಹೊಸ ಪ್ಲೇಟ್ ಸೇರಿ 60 ಯೂರೋ ಹತ್ತಿರ.

ಕಪ್ ಹೋಲ್ಡರ್‌ಗೆ ಮಾತ್ರ ಲೆಕ್ಕ ಹಾಕಿದರೆ ಕೊಕ್ಕೆ, ಅಮೆರಿಕದ ತುಂಡು, ತೆರಿಗೆ, ಸ್ವಿಚ್, ಎಎಸ್‌ಎ ಸುರುಳಿ, ರಬ್ಬರ್ ಮತ್ತು ಸ್ಕ್ರೂಗೆ 11, ಒಟ್ಟು 207 ಯೂರೋ. ಈಗ ಕಾರಿನಲ್ಲಿ ಉಳಿದಿರುವುದಕ್ಕೆ ಆದದ್ದು ಸುರುಳಿ ಮತ್ತು ಸ್ಕ್ರೂ, 39 ಯೂರೋ ಮಾತ್ರ. ಅಮೆರಿಕದ ತುಂಡನ್ನು ಆಟೋಮ್ಯಾಟಿಕ್ ಗೇರ್ ಇರುವ ಎಂಎಕ್ಸ್-5 ಓಡಿಸುವವರೊಬ್ಬರಿಗೆ ಕೊಟ್ಟೆ, ಅವರಿಗೆ ಅದು ಹೇಳಿ ಮಾಡಿಸಿದ ಹಾಗಿದೆ.

ಶನಿವಾರ ಚಿಕ್ಕಮ್ಮನನ್ನು ಟ್ಯೂಬಿಂಗೆನ್‌ಗೆ ಕರೆದುಕೊಂಡು ಹೋದೆ. ಕನ್ನಡಕ್ಕೆ ನಿಘಂಟು ಕಟ್ಟಿಕೊಟ್ಟ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಆ ಊರಲ್ಲಿ, ಧಾರವಾಡದವರಿಗೆ ಅದನ್ನು ನೋಡದೆ ಹೋಗುವುದು ಹೇಗೆ ಅಂತ ಅವರದು ಒಂದೇ ಹಟ. ಟಾಪ್ ತೆಗೆದಿದ್ದೆವು. ಫ್ಲಾಸ್ಕ್‌ನಲ್ಲಿ ಅವರೇ ತಂದ ಪುಡಿಯ ಕಾಫಿ. ಬಿ27ರಲ್ಲಿ ಲಾರಿ ಮುಂದೆ ಬಂದು ನಾನು ಬ್ರೇಕ್ ಒತ್ತಿದಾಗ ಚಿಕ್ಕಮ್ಮ ಅಭ್ಯಾಸಬಲದಿಂದ ಫ್ಲಾಸ್ಕ್ ಹಿಡಿಯಲು ಕೈ ಚಾಚಿದರು. ಅದು ಅಲ್ಲಾಡಿರಲಿಲ್ಲ. ನೆಕ್ಕರ್ ನದಿಯ ದಂಡೆಯಲ್ಲಿ ಕೂತು ಅರ್ಧರ್ಧ ಕುಡಿದೆವು, ಇನ್ನೂ ಬಿಸಿಯಿತ್ತು.

ಇನ್ನೊಂದು ವಿಷಯ. ಹಾಕಿ ಎರಡು ವಾರ ಆದ ಮೇಲೆ ಸ್ಕ್ರೂ ಒಮ್ಮೆ ಮುಟ್ಟಿ ನೋಡಿ. ನನ್ನದು ಕಾಲು ಸುತ್ತು ಸಡಿಲವಾಗಿತ್ತು. ಸಡಿಲವಾಗದಿರಲಿ ಅಂತ ಸ್ಕ್ರೂ ಸುತ್ತಿಗೆ ಹಾಕುವ ಅಂಟು ಬಳಸಬೇಡಿ, ಅದು ತಾಗಿದರೆ ಎಎಸ್‌ಎ ಸೀಳಬಹುದು. ಒಂದು ಸ್ಪ್ರಿಂಗ್ ವಾಷರ್ ಹಾಕಿದರೆ ಸಾಕು.